ಹುಲಿಗೆ ಎಳನೀರು ಸೇರುವುದಿಲ್ಲ

ಪಾಣೆಮಂಗಳೂರು
ಜೂನ್ 15, 2025

ಪ್ರೀತಿಯ ಅಕ್ಷಿತಾ,

ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ, ಈ ಮೂರೂ ತಾಲೂಕುಗಳ ಸಮಸ್ತ ಮಹಾಜನರ ಅವಗಾಹನೆಗೆ ತರುವುದೇನೆಂದರೆ: ಈ ದಿನ ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷದ ಶುಭಮುಹೂರ್ತದಲ್ಲಿ, ನಿವೃತ್ತ ಉಪ ಅಂಚೆಪಾಲಕರೂ ಊರಿನ ಹುಲಿವೇಷ ತಂಡದ ಯಜಮಾನರೂ ಆದ ಶ್ರೀ ನಿತ್ಯಾನಂದ, ವಯಸ್ಸು ಅರವತ್ತೆರಡು, ಇವರು ಮೊಣಕಾಲು ಬಗ್ಗಿಸದೆ ತಮ್ಮ ಸ್ವಂತ ಕಾಲಿನ ಹೆಬ್ಬೆರಳನ್ನು ತಮ್ಮ ಸ್ವಂತ ಕೈಯಿಂದ ಮುಟ್ಟಿರುತ್ತಾರೆ. ಸಾಕ್ಷಿ: ಅಕ್ಕಿ ವ್ಯಾಪಾರಿ ಅಬ್ದುಲ್ ಶುಕೂರ್, ಅಂದರೆ ನಮ್ಮ ಶುಕೂರಾಕ. ಮುಟ್ಟಿದ ಮೇಲೆ ಎದ್ದು ನಿಲ್ಲುವುದಕ್ಕೆ ಒಂಬತ್ತು ನಿಮಿಷ ಮತ್ತು ಇಬ್ಬರು ಆಳು ಬೇಕಾಯಿತೆಂಬ ವದಂತಿಯನ್ನು ಹಬ್ಬಿಸುತ್ತಿರುವವರೂ ಅವರೇ.

ಪತ್ರ ಏಕೆಂದು ಕೇಳಬಹುದು. ನೀನು ನನ್ನ ನಂಬರನ್ನು ಬ್ಲಾಕ್ ಮಾಡಿದ್ದೀ. ಮೂವತ್ತೇಳು ವರ್ಷ ನಾನು ಅನ್ನ ತಿಂದ ಅಂಚೆ ಇಲಾಖೆಯಲ್ಲಿ ಅಂಥದೊಂದು ಗುಂಡಿ ಇಲ್ಲ. ತುಳುವಿನಲ್ಲಿ ಬೈದುಕೊಂಡು ಕನ್ನಡದಲ್ಲಿ ಕಾಗದ ಬರೆಯುವ ಜನ ನಾವು. ಬೈಗುಳದ ಭಾಗ ನಿನ್ನದು, ಕಾಗದದ್ದು ನನ್ನದು ಆಗಲಿ.

ಈಗ ವಿಷಯ. ನಿನ್ನ ಕುತ್ತಿಗೆಗೆ ಹಾಗಾದ ಮೇಲೆ ಎರಡು ದಸರಾ ನಾನು ತಂಡವನ್ನು ಬೀದಿಗೆ ಇಳಿಸಲಿಲ್ಲ. ಈ ವರ್ಷ ಮಕ್ಕಳು ಬಿಡುತ್ತಿಲ್ಲ. ಹನ್ನೊಂದು ಜನ ಸೇರಿದ್ದಾರೆ. ಅವರಲ್ಲಿ ಸುಪ್ರೀತಾ ಅಂತ ಒಬ್ಬಳು, ಮೂಡುಬಿದಿರೆಯಿಂದ ಎರಡು ಬಸ್ಸು ಬದಲಿಸಿ ಬರುತ್ತಾಳೆ. ಬಂದ ಮೊದಲ ದಿನವೇ ಕೇಳಿದಳು, "ಸರ್, ನಾನು ಮುಡಿ ಎತ್ತಬಹುದಾ? ಅಕ್ಷಿತಕ್ಕ ಎತ್ತಿದ ವಿಡಿಯೋ ನೋಡಿದ್ದೇನೆ."

ಬೈಹುಲ್ಲಿನಲ್ಲಿ ಬಿಗಿದು ಕಟ್ಟಿದ ನಲವತ್ತೆರಡು ಸೇರು ಅಕ್ಕಿಯ ಮುಡಿಯನ್ನು ಹಲ್ಲಿನಲ್ಲಿ ಕಚ್ಚಿ, ತಲೆಯ ಮೇಲಿಂದ ಹಿಂದಕ್ಕೆ ಎಸೆಯುವ ಕೆಲಸ! ಹುಡುಗಿ ನೋಡಿದರೆ ಒದ್ದೆಯಾದರೂ ಒಂದು ಮುಡಿ ತೂಗುವವಳಲ್ಲ. ನನ್ನ ಅಜ್ಜ ನನಗೆ ಕಲಿಸಿದ್ದು ಇಷ್ಟೆ: "ಕಚ್ಚು. ಎತ್ತು. ಸಾಯಬೇಡ." ಅದನ್ನೇ ನಿನಗೂ ಕಲಿಸಿದೆ. ಇವಳಿಗೆ ಕಲಿಸಲು ಬಾಯಿ ಬರಲಿಲ್ಲ.

ಉಜಿರೆಯ ಎರಡು ಭರತನಾಟ್ಯ ಕ್ಲಾಸುಗಳಲ್ಲಿ, ಟೀಚರ್ ಬರುವ ಮೊದಲು ಅರ್ಧ ಗಂಟೆ ನೀನು ಮಕ್ಕಳ ಮೈ ಹದ ಮಾಡಿಸುತ್ತೀಯಂತೆ. ಹಾರಿದವರು ಹೇಗೆ ಇಳಿಯಬೇಕು, ಮೊಣಕಾಲು ಎತ್ತ ನೋಡಬೇಕು, ಎಲ್ಲಿ ನಿಲ್ಲಿಸಬೇಕು ಅಂತೆಲ್ಲ. ನಿನ್ನ ಅಮ್ಮ ಕಾಂತಿ ಫೋನಿನಲ್ಲಿ ಹೇಳಿದಳು. ಹೇಳುವಾಗ ಅವಳ ಸ್ವರ ಒಂದು ಮೆಟ್ಟಿಲು ಮೇಲೆ ಹತ್ತಿತ್ತು. ಒಂದು ಭಾನುವಾರ ಬರುತ್ತೀಯಾ? ಶುಕೂರಾಕನ ಗೋದಾಮಿನ ಹಿಂದಿನ ಶೆಡ್ಡು ಗುಡಿಸಿ ಇಟ್ಟಿದ್ದೇನೆ.

ಇತಿ,
ಹೆಬ್ಬೆರಳು ಮುಟ್ಟಿದ ನಿನ್ನ ಮಾವ,
ನಿತ್ಯಾನಂದ


ಪಾಣೆಮಂಗಳೂರು
ಜುಲೈ 6, 2025

ಪ್ರೀತಿಯ ಅಕ್ಷಿತಾ,

ಉತ್ತರ ಬರಲಿಲ್ಲ. ಮೂರು ವಾರದಲ್ಲಿ ಉಜಿರೆಯಿಂದ ಇಲ್ಲಿಗೆ ಒಂದು ಆಮೆ ಕೂಡ ಮಡಂತ್ಯಾರಿನಲ್ಲಿ ಚಾ ಕುಡಿದು ಬಂದು ಮುಟ್ಟುತ್ತಿತ್ತು. ಆದ್ದರಿಂದ ಇದು ಅಂಚೆಯ ತಪ್ಪಲ್ಲವೆಂದು ಇಲಾಖೆಯ ಪರವಾಗಿ ತೀರ್ಮಾನಿಸಿದ್ದೇನೆ.

ನೀನು ಬಾರದ ಕಾರಣ ತರಬೇತಿಯ ಹೊಣೆಯನ್ನು ನಾನೇ ಹೊತ್ತೆ. ಮೊಬೈಲಿನಲ್ಲಿ ನೋಡಿ ನೋಡಿ ಕಲಿಸಿದೆ. ಮೊದಲ ದಿನ ಹನ್ನೊಂದು ಹುಲಿಗಳನ್ನು ಸಾಲಾಗಿ ಮಲಗಿಸಿ ಕಣ್ಣು ಮುಚ್ಚಿಸಿ, "ಈಗ ನಿಮ್ಮ ನಿಮ್ಮ ಬೆನ್ನು ನೆಲಕ್ಕೆ ಎಲ್ಲೆಲ್ಲಿ ತಾಗುತ್ತದೆ, ಗಮನಿಸಿ" ಎಂದೆ. ಗಮನಿಸುತ್ತ ನಾಲ್ಕು ಹುಲಿ ನಿದ್ದೆಹೋದವು. ಒಂದು ಗೊರಕೆ ಹೊಡೆಯಿತು.

ಶುಕೂರಾಕ ಬಾಗಿಲಲ್ಲಿ ನಿಂತು, "ಎಂತ ಮಾರಾಯ್ರೆ, ಹುಲಿಯ ಕ್ಯಾಂಪಾ, ಹೆರಿಗೆ ವಾರ್ಡಾ?" ಎಂದರು.

"ಮೈಯ ಅರಿವು ಮೂಡಿಸುವುದು."

"ನೀವು ಮುದ್ರೆ ಒತ್ತಿದವರು. ನಿಮಗೆ ಮೈಯ ವಿಷಯ ಎಂತ ಗೊತ್ತುಂಟು? ಗೊತ್ತಿರುವವಳನ್ನು ಕರೆಸಿ."

"ಕರೆದಿದ್ದೇನೆ."

"ಕರೆಯುವ ಹಾಗೆ ಕರೆದಿದ್ದೀರಾ?" ಅಂತ ಕೇಳಿ, ಉತ್ತರಕ್ಕೆ ಕಾಯದೆ ತಕ್ಕಡಿಗೆ ಹೋದರು. ಆದರೂ ಮನುಷ್ಯ ಒಳ್ಳೆಯವರು. ಬರೀ ಹುಲ್ಲು ತುಂಬಿಸಿ, ಎರಡು ಸೇರಿನಷ್ಟೂ ಭಾರವಿಲ್ಲದ ಒಂದು ಮುಡಿಯನ್ನು ಸುಪ್ರೀತಾಳ ಅಭ್ಯಾಸಕ್ಕೆಂದು ಕಟ್ಟಿ ಕೊಟ್ಟಿದ್ದಾರೆ. ಅದನ್ನು ಅವಳು ಕುತ್ತಿಗೆಯನ್ನು ಝಾಡಿಸಿ ಎತ್ತುತ್ತಾಳೆ. ಹಾಗಲ್ಲ ಎಂದು ನನಗೆ ಗೊತ್ತು. ಹೇಗೆ ಎಂದು ಗೊತ್ತಿಲ್ಲ.

ನಿನ್ನೆ ಅವಳು ಕೇಳಿದಳು, "ಅಕ್ಷಿತಕ್ಕನಿಗೆ ಅವತ್ತು ಎಂತ ಆದದ್ದು ಸರ್?"

ಎಲ್ಲರಿಗೂ ಹೇಳಿದ್ದನ್ನೇ ಹೇಳಿದೆ. ನಾನು ಬೇಡ ಎಂದೆ, ಅವಳು ಕೇಳಲಿಲ್ಲ, ಬಣ್ಣ ಬಳಿದ ಮೇಲೆ ಮಾತಾಡುವ ಹಾಗಿಲ್ಲವಲ್ಲ, ಕೈಸನ್ನೆಯಲ್ಲೇ ಮುಡಿ ಬೇಕೆಂದು ಹಠ ಹಿಡಿದಳು ಎಂದು. ಸುಪ್ರೀತಾ "ಓ" ಎಂದಳು. ಆಮೇಲೆ, "ನಾನೂ ಹಠ ಹಿಡಿಯುತ್ತೇನೆ, ನೋಡಿ" ಎಂದು ನಕ್ಕಳು.

ಬಾ ಮಗಾ. ಬಸ್ ಸ್ಟ್ಯಾಂಡಿಗೆ ನಾನೇ ಬಂದು ಕಾಯುತ್ತೇನೆ.

ಇತಿ,
ನಿನ್ನ ಮಾವ,
ನಿತ್ಯಾನಂದ


ಉಜಿರೆ
ಜುಲೈ 21, 2025

ಮಾವ,

ಅಕ್ಷರ ಕೋಳಿ ಕೆದರಿದ ಹಾಗೆ ಉಂಟು. ಎಡಗೈ. ಒಂದು ಪುಟಕ್ಕೆ ಅರ್ಧ ದಿನ ಬೇಕು, ಹಾಗಾಗಿ ನಿಮ್ಮಷ್ಟು ತಮಾಷೆ ಮಾಡಲು ಆಗುವುದಿಲ್ಲ.

ಮೊದಲು ಆ ಹುಡುಗಿಯ ವಿಷಯ. ಹಲ್ಲು ಮತ್ತು ದವಡೆಯ ಕೆಲಸ ಹಿಡಿಯುವುದು ಮಾತ್ರ. ಎತ್ತುವುದು ತೊಡೆ. ಪಾದ ಅಗಲಿಸಿ, ಸೊಂಟ ಹಿಂದಕ್ಕೆ ಬಿಟ್ಟು ಕೂರಲಿ, ಬೆನ್ನು ಒಂದು ಹಲಗೆ ಎಂದು ತಿಳಿದು ಏಳಲಿ. ಕುತ್ತಿಗೆ ಝಾಡಿಸಿದರೆ ಆ ಕ್ಷಣವೇ ಹುಲ್ಲಿನ ಮುಡಿಯನ್ನೂ ಕಿತ್ತುಕೊಳ್ಳಿ. ಡಾಂಬರಿನ ಮೇಲೆ ಬರಿಗಾಲಿನ ಪಲ್ಟಿ ಅಭ್ಯಾಸ ಬೇಡ. ಹಾರಿ ಇಳಿಯುವಾಗ ಶಬ್ದ ಬರಬಾರದು. ಶಬ್ದ ಬಂದರೆ ಆ ಏಟನ್ನು ಮೊಣಕಾಲು ತಿಂದಿತು ಅಂತ ಅರ್ಥ. ಸುಸ್ತು ಬೇರೆ, ನೋವು ಬೇರೆ, ಜೋಮು ಬೇರೆ. ಸುಸ್ತಾದರೆ ಕುಣಿಯಬಹುದು. ನೋವಾದರೆ ಹೇಳಬೇಕು. ಜೋಮು ಹಿಡಿದರೆ ಕೂರಬೇಕು. ಮತ್ತು ಮುಡಿ ಈ ವರ್ಷ ಬೇಡವೇ ಬೇಡ. ಅಳುತ್ತಾಳೆ, ಅಳಲಿ.

ನಿಮ್ಮ ಅಜ್ಜ ಮಾಡಿದ ಆ ಕಟ್ಟಳೆ ಉಂಟಲ್ಲ, ಊದಿನ ಧೂಪ ಹಾಕಿ ಬಣ್ಣ ಬಳಿದ ಮೇಲೆ ಹುಲಿ ಬಾಯಿ ಬಿಡಬಾರದು ಎನ್ನುವುದು. ಬೇರೆ ಯಾವ ತಂಡದಲ್ಲೂ ಇಲ್ಲದ ಆ ಕಟ್ಟಳೆಯನ್ನು ತೆಗೆಯದೆ ನಾನು ಶೆಡ್ಡಿನ ಮೆಟ್ಟಿಲು ಹತ್ತುವುದಿಲ್ಲ.

ಇನ್ನೊಂದು. ನಾನು ಕೈಸನ್ನೆ ಮಾಡಿ ಹಠ ಹಿಡಿದೆ ಎಂದು ಆ ಹುಡುಗಿಗೂ ಹೇಳಿದಿರಿ. ಯಾವ ಕೈಯಲ್ಲಿ ಮಾವ? ಆ ಕೈ ಬೆಳಿಗ್ಗೆಯೇ ಹೋಗಿತ್ತು. ಮೆಲ್ಕಾರಿನಲ್ಲಿ ಎಳನೀರಿನ ಗ್ಲಾಸು ನನ್ನ ಕೈಯಿಂದ ಬಿದ್ದಾಗ ನೀವು ಎರಡು ಮಾರು ದೂರದಲ್ಲಿ ಇದ್ದಿರಿ. ಇನ್ನೊಂದು ಗ್ಲಾಸು ಕೊಟ್ಟರು, ಅದೂ ಬಿತ್ತು. ನಾನು ನಿಮ್ಮನ್ನೇ ನೋಡಿದೆ. ನೀವು "ಹುಲಿಗೆ ಎಳನೀರು ಸೇರುವುದಿಲ್ಲ ಮಾರಾಯ್ರೆ, ಆಡಿನ ರಕ್ತ ತನ್ನಿ" ಎಂದಿರಿ. ಎಲ್ಲರೂ ನಕ್ಕರು. ತಾಸೆ ಬಡಿಯುವವರು ನಗುತ್ತಲೇ ಪೆಟ್ಟು ಹಾಕಿದರು. ನಾನು ಕುಣಿದೆ.

ಅಮ್ಮನಿಗೆ ನಾನು ಇದನ್ನು ಹೇಳಿಲ್ಲ. ಅಪ್ಪ ತೀರಿಕೊಂಡ ಮೇಲೆ ಅವಳಿಗೆ ಇದ್ದದ್ದು ನೀವೊಬ್ಬರು. ಅಷ್ಟನ್ನೂ ಕಿತ್ತುಕೊಂಡರೆ ಅವಳು ಯಾರ ಹತ್ತಿರ ಫೋನಿನಲ್ಲಿ ನಗುವುದು? ಆದರೆ ದಿನಾ ಬೆಳಿಗ್ಗೆ ನನ್ನ ಜಡೆ ಹಾಕುವುದು ಅವಳು. ಹಾಕುವಾಗ ದಿನಾ ಒಂದು ಮಾತು, "ನಿನ್ನ ಹಠವೇ ನಿನ್ನನ್ನು ತಿಂದದ್ದು."

ನೀವು ಅವಳಿಗೆ ಹೇಳಿ. ಹೇಳಿದ ಮೇಲೆ ಬರುತ್ತೇನೆ.

ಅಕ್ಷಿತಾ


ಪಾಣೆಮಂಗಳೂರು
ಆಗಸ್ಟ್ 3, 2025

ಪ್ರೀತಿಯ ಅಕ್ಷಿತಾ,

ನಿನ್ನ ಸುತ್ತೋಲೆ ತಲುಪಿತು. ಕಲಂ ಒಂದರಿಂದ ಎಂಟರವರೆಗೆ ಚಾಚೂ ತಪ್ಪದೆ ಜಾರಿಗೆ ಬಂದಿದೆ. ಶಬ್ದ ಮಾಡದೆ ಇಳಿಯುವುದನ್ನು ಬೆಕ್ಕಿನಿಂದ ಕಲಿಯಿರಿ ಎಂದು ಮಕ್ಕಳಿಗೆ ಹೇಳಿದೆ. ಶುಕೂರಾಕನ ಗೋದಾಮಿನ ಬೆಕ್ಕು ಪ್ರಾತ್ಯಕ್ಷಿಕೆಗೆ ಒಪ್ಪದೆ ಅಕ್ಕಿ ಚೀಲದ ಮೇಲೆ ಮಲಗಿತು. ಅಜ್ಜನ ಕಟ್ಟಳೆಯನ್ನೂ ರದ್ದು ಮಾಡಿದ್ದೇನೆ. ಅಜ್ಜ ಕನಸಿನಲ್ಲಿ ಬಂದು ಬೈದರೆ ನಿನ್ನ ವಿಳಾಸ ಕೊಡುತ್ತೇನೆ. ಮುಡಿ ಇಲ್ಲ ಎಂದಾಗ ಸುಪ್ರೀತಾ ಅತ್ತಳು. ಆಮೇಲೆ ಎರಡು ಗೋಳಿಬಜೆ ತಿಂದಳು.

ಕೊನೆಯ ಕಲಂ ಬಗ್ಗೆ ಒಂದು ಮನವಿ. ಕಾಂತಿಗೆ ಈಗ ಹಾಸ್ಟೆಲಿನ ಅಡುಗೆಮನೆಯ ಕೆಲಸವೇ ಹೆಚ್ಚು. ಇನ್ನೂರು ಮಕ್ಕಳಿಗೆ ಬಡಿಸುವವಳು. ಚೌತಿ ಮುಗಿಯಲಿ, ದಸರಾ ಮುಗಿಯಲಿ, ಮಳೆ ಬಿಡಲಿ. ಒಂದು ದಿನ ನಾನೇ ಬಂದು ಎದುರು ಕೂತು, ಕ್ರಮದಲ್ಲಿ ಹೇಳುತ್ತೇನೆ. ಅಷ್ಟರೊಳಗೆ ನೀನು ಬಂದುಬಿಡು. ಮಕ್ಕಳ ಮೊಣಕಾಲು ನಮ್ಮ ಮನೆಯ ಮಾತು ಮುಗಿಯುವವರೆಗೆ ಕಾಯುವುದಿಲ್ಲವಲ್ಲ.

ಇತಿ,
ನಿನ್ನ ಮಾವ,
ನಿತ್ಯಾನಂದ

(ಈ ಪತ್ರ ತೆರೆಯದೆ ಹಿಂದೆ ಬಂತು. ಲಕೋಟೆಯ ಮೇಲೆ ಎಡಗೈಯ ಅಕ್ಷರದಲ್ಲಿ: "ಹೇಳಿದ ಮೇಲೆ.")


ಪಾಣೆಮಂಗಳೂರು
ಆಗಸ್ಟ್ 24, 2025

ಪ್ರೀತಿಯ ತಂಗಿ ಕಾಂತಿಗೆ,

ನಾನು ಕ್ಷೇಮ. ಇದನ್ನು ಅಡುಗೆಮನೆಯಲ್ಲಿ ಓದಬೇಡ. ಕೋಣೆಗೆ ಹೋಗಿ ಕೂತು ಓದು.

ಈ ಪತ್ರವನ್ನು ನಾಲ್ಕು ಸಲ ಬರೆದು ಹರಿದೆ. ನಾಲ್ಕರಲ್ಲೂ ಮೊದಲ ಸಾಲಿನಲ್ಲೇ ಒಂದು ತಮಾಷೆ ಬಂದು ಕೂತಿತ್ತು. ನಾನು ಕರೆದದ್ದಲ್ಲ. ಅದಕ್ಕೆ ಮನೆ ಗೊತ್ತು.

ಆ ದಸರಾದಲ್ಲಿ ಅಕ್ಷಿತಾ ಮುಡಿಗೆ ಹಠ ಹಿಡಿದಳು, ನಾನು ಬೇಡ ಎಂದೆ ಎಂದು ಆಸ್ಪತ್ರೆಯ ಬೆಂಚಿನಲ್ಲಿ ನಿನಗೆ ಹೇಳಿದೆ. ಅದು ಸುಳ್ಳು. ಅವಳು ಮುಡಿ ಬೇಕೆಂದು ಕೇಳಲೇ ಇಲ್ಲ.

ಬೆಳಿಗ್ಗೆ ಹತ್ತೂವರೆಗೆ ಮೆಲ್ಕಾರಿನಲ್ಲಿ ಅವಳ ಬಲಗೈಯಿಂದ ಎಳನೀರಿನ ಗ್ಲಾಸು ಬಿತ್ತು. ಎರಡನೆಯದೂ ಬಿತ್ತು. ನಾನು ನೋಡಿದೆ. ಜನರಿಗೆ ಒಂದು ತಮಾಷೆ ಹೇಳಿ ನಗಿಸಿದೆ. ನಗು ಮುಗಿಯುವುದರೊಳಗೆ ಅವಳ ಹತ್ತಿರ ಹೋಗಿ ಮಣಿಕಟ್ಟು ಹಿಡಿದೆ. ಯಾರಿಗೂ ಕಾಣದ ಹಾಗೆ ಹಿಡಿದೆ. ಬಣ್ಣದ ಕೆಳಗೆ ಕೈ ತಣ್ಣಗಿತ್ತು. "ಒತ್ತು" ಎಂದೆ. ಅವಳು ಒತ್ತಿದಳು, ಆದರೆ ನನಗೆ ಏನೂ ತಾಗಲಿಲ್ಲ. ಕಾಂತಿ, ನನಗೆ ಆಗಲೇ ಗೊತ್ತಾಯಿತು. ಅವಳು ಮಾತಾಡಬಹುದಿತ್ತು, ಅವಳ ಬಾಯಿ ಕಟ್ಟಿದ್ದು ನಮ್ಮ ಕಟ್ಟಳೆ. ನನಗೆ ಯಾವ ಕಟ್ಟಳೆಯೂ ಇರಲಿಲ್ಲ. ನಾನು ಬಣ್ಣ ಬಳಿದವನಲ್ಲ. "ಇಂದಿಗೆ ಸಾಕು" ಎಂದು ನಾನು ಹೇಳಬಹುದಿತ್ತು.

ಹೇಳಲಿಲ್ಲ. ನಮ್ಮ ತಂಡದಲ್ಲಿ ಮುಡಿ ಎತ್ತುವ ಮೊದಲ ಹುಡುಗಿ ಎಂದು ಮೈಕಿನಲ್ಲಿ ಎರಡು ದಿನದಿಂದ ಹೇಳಿಸಿದ್ದೆ. ಹೇಳಿಸಿದವನು ನಾನು, ನನ್ನ ತಂಗಿಯ ಮಗಳು ಎಂದು ಹೆಮ್ಮೆಪಟ್ಟವನೂ ನಾನು. ಮಧ್ಯಾಹ್ನ ಮೂರಕ್ಕೆ ಮುಡಿ ತರಿಸಿ ಅವಳ ಮುಂದೆ ಇಡಿಸಿದೆ. ಅವಳು ಮುಡಿಯನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ನಾನು ತಾಸೆಯವರಿಗೆ ಕೈ ಎತ್ತಿದೆ.

ಅದು ಕುತ್ತಿಗೆಯಿಂದ ಬಂದ ಜೋಮು, ಬೆಳಿಗ್ಗೆಯೇ ಕೂರಿಸಿದ್ದರೆ ಮಾತ್ರೆಯಲ್ಲಿ, ವಿಶ್ರಾಂತಿಯಲ್ಲಿ ಹೋಗುತ್ತಿತ್ತೇನೋ, ಮುಡಿ ಎತ್ತಿದ ಮೇಲೆ ಆ ಕೈ ಇನ್ನು ಮರಳುವುದಿಲ್ಲ ಎಂದು ಡಾಕ್ಟರು ಆಮೇಲೆ ಹೇಳಿದ್ದು ನನ್ನೊಬ್ಬನಿಗೆ. ಅದನ್ನೂ ನಿನಗೆ ಹೇಳಿರಲಿಲ್ಲ. ಈಗ ಹೇಳಿದೆ.

ಅವಳನ್ನು ಬೈಯಬೇಡ. ಅವಳು ಹಠಮಾರಿ ಅಲ್ಲ. ಹೇಳಿದ್ದನ್ನು ಕೇಳಿದ ಮಗು.

ಇತಿ,
ನಿನ್ನ ಅಣ್ಣ,
ನಿತ್ಯಾನಂದ


ಉಜಿರೆ
ಸೆಪ್ಟೆಂಬರ್ 1, 2025

ಅಣ್ಣನಿಗೆ,

ಪತ್ರ ಸಿಕ್ಕಿತು. ಕೋಣೆಗೆ ಹೋಗಿ ಕೂತೇ ಓದಿದೆ.

ಮೂರು ವರ್ಷ ಆಗುತ್ತಾ ಬಂತು. ಸುಮಾರು ಸಾವಿರ ಬೆಳಿಗ್ಗೆ ನಾನು ಅವಳ ಕೂದಲು ಬಾಚುತ್ತ ಅದೇ ಮಾತು ಹೇಳಿದ್ದೇನೆ. ಒಂದು ದಿನವೂ ಅವಳು ತಿರುಗಿ ಹೇಳಲಿಲ್ಲ. ನಿಮ್ಮ ಹುಲಿಗೆ ಬಣ್ಣ ತೊಳೆದ ಮೇಲೂ ಬಾಯಿ ಬರಲಿಲ್ಲ ನೋಡಿ.

ನೀವು ಸಾವಿರದ ಒಂದನೆಯ ದಿನ ಹೇಳಿದಿರಿ. ಆ ಸಾವಿರವನ್ನು ನಾನು ಎಲ್ಲಿಂದ ಹಿಂದೆ ತರಲಿ?

ಮಕ್ಕಳಿಗೆ ಹೇಳಿಕೊಡಲು ಅವಳು ಬರುತ್ತಾಳಂತೆ. ಬರಲಿ, ಅದು ಅವಳ ವಿದ್ಯೆ. ಅವಳಿರುವಾಗ ನೀವು ಅಲ್ಲಿ ಇರಬಾರದು. ನನಗೆ ಫೋನ್ ಮಾಡಬೇಡಿ. ನಿಮ್ಮ ಕಡೆಯಿಂದ ಇನ್ನು ಏನೂ ಬರುವುದು ಬೇಡ.

ಕಾಂತಿ


ಉಜಿರೆ
ಸೆಪ್ಟೆಂಬರ್ 21, 2025

ಮಾವ,

ಮೂರು ಭಾನುವಾರ ಆಯಿತು. ಶೆಡ್ಡಿನ ಬೀಗದ ಕೈ ಶುಕೂರಾಕ ಕೊಡುತ್ತಾರೆ, ಜೊತೆಗೆ ಚಾ. ನೀವೆಲ್ಲಿ ಎಂದು ಕೇಳಿದರೆ, "ಭಾನುವಾರ ಮೂಡುಬಿದಿರೆಗೆ ಹೋಗ್ತಾರೆ, ಬಸ್ ಸ್ಟ್ಯಾಂಡಿನಲ್ಲಿ ಕೂತು ಬರ್ತಾರೆ. ಅಲ್ಲಿ ಎಂತ ಉಂಟು ಅಂತ ಅವರಿಗೇ ಗೊತ್ತಿಲ್ಲ" ಎಂದರು.

ಮಕ್ಕಳು ಪರವಾಗಿಲ್ಲ. ಒಂದು ಕಾಲಿನಲ್ಲಿ ಕಣ್ಣು ಮುಚ್ಚಿ ನಿಲ್ಲಲು ಯಾರಿಗೂ ಬರುತ್ತಿರಲಿಲ್ಲ, ಈಗ ಒಂಬತ್ತು ಜನಕ್ಕೆ ಬರುತ್ತದೆ. ಕಷ್ಟ ಅದಲ್ಲ. "ಎಲ್ಲಿ ನೋಯುತ್ತದೆ?" ಎಂದರೆ ಎಲ್ಲರೂ ಒಂದೇ ಉತ್ತರ, "ಎಲ್ಲೂ ಇಲ್ಲ ಅಕ್ಕ." ಸುಪ್ರೀತಾಳ ಎಡ ಹಿಮ್ಮಡಿ ಬಾತಿತ್ತು. ನಾನು ಒತ್ತಿದಾಗ ಕಣ್ಣಲ್ಲಿ ನೀರು ಬಂತು, ಬಾಯಲ್ಲಿ "ಇಲ್ಲ ಅಕ್ಕ." ಅರ್ಧ ಕ್ಲಾಸು ನಾನು ಬರೀ "ನೋವಾಗ್ತದೆ" ಎಂದು ಜೋರಾಗಿ ಕೂಗಿಸಿದೆ. ನಗುತ್ತ ಕೂಗಿದರು. ನಿಜವಾಗಿ ನೋಯುವಾಗ ಕೂಗುತ್ತಾರಾ, ಗೊತ್ತಿಲ್ಲ.

ನಿಮ್ಮ ಪತ್ರ ಬಂದ ದಿನ ಅಮ್ಮ ರಾತ್ರಿಯ ಅಡುಗೆಗೆ ಹೋಗಲಿಲ್ಲ. ನನ್ನ ಬಲಗೈಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಳು. ಮರುದಿನ ಬೆಳಿಗ್ಗೆ ಜಡೆ ಹಾಕುವಾಗ ಏನೂ ಹೇಳಲಿಲ್ಲ. ಈಗ ದಿನಾ ಹಾಗೆಯೇ. ಮೊದಲು ಬೈಯುತ್ತಲಾದರೂ ಇದ್ದಳು. ಅವಳು ಫೋನಿನಲ್ಲಿ ನಗುವುದೂ ನಿಂತಿತು.

ಕ್ಷಮಿಸಿದೆಯಾ ಎಂದು ನೀವು ಕೇಳಿಲ್ಲ. ಕೇಳಬೇಡಿ. ಹೇಳಿದ್ದಕ್ಕೆ ಒಳ್ಳೆಯದಾಯಿತು, ಅಷ್ಟೆ.

ಅಕ್ಷಿತಾ


ಪಾಣೆಮಂಗಳೂರು
ಅಕ್ಟೋಬರ್ 5, 2025

ಪ್ರೀತಿಯ ಅಕ್ಷಿತಾ,

ಮೂಡುಬಿದಿರೆಯ ಬಸ್ ಸ್ಟ್ಯಾಂಡಿನ ಬಗ್ಗೆ ನನ್ನ ಸಂಶೋಧನೆ ಮುಗಿಯುತ್ತ ಬಂದಿದೆ. ಅಲ್ಲಿ ಹದಿನಾಲ್ಕು ಸಿಮೆಂಟಿನ ಆಸನ ಉಂಟು. ಅರವತ್ತೆರಡು ವರ್ಷದವರ ಸೊಂಟಕ್ಕೆ ಹದಿನಾಲ್ಕೂ ಹೇಳಿಸಿದ್ದಲ್ಲ.

ದಸರಾದ ದಿನ ಕ್ಲಾಸು ಇರಲಿಲ್ಲ, ಬೀದಿ ಎಲ್ಲರದ್ದು ಎಂದು ನನ್ನಷ್ಟಕ್ಕೆ ನಾನೇ ತೀರ್ಪು ಕೊಟ್ಟು, ಮಾರ್ಕೆಟ್ಟಿನ ಮೂಲೆಯಲ್ಲಿ ಜನರ ಹಿಂದೆ ನಿಂತಿದ್ದೆ. ನಿನ್ನ ಹನ್ನೊಂದು ಹುಲಿಗಳು ಬಂದವು. ಪಲ್ಟಿ ಹೊಡೆದು ಇಳಿದರೆ ಶಬ್ದವೇ ಇಲ್ಲ. ನನ್ನ ಪಕ್ಕದವನೊಬ್ಬ, "ಮುಡಿ ಇಲ್ವಾ? ಎಂಥ ಹುಲಿ ಇದು!" ಎಂದ. ನನ್ನ ಬಾಯಿಗೆ ಒಳ್ಳೆಯ ತಮಾಷೆಯೊಂದು ಬಂದಿತ್ತು, ನುಂಗಿಕೊಂಡೆ.

ಆಗ ಸುಪ್ರೀತಾ ನಡುಬೀದಿಯಲ್ಲಿ ನಿಂತಳು. ಮೈತುಂಬ ಹಳದಿ, ಕಪ್ಪು ಪಟ್ಟೆ. ತಾಸೆ ಬಡಿಯುತ್ತಿದೆ, ಜನ ಶಿಳ್ಳೆ ಹಾಕುತ್ತಿದ್ದಾರೆ. ಅವಳು ಇಡೀ ಪೇಟೆಗೆ ಕೇಳುವ ಹಾಗೆ ಕೂಗಿದಳು: "ಅಕ್ಕಾ! ಹಿಮ್ಮಡಿ ನೋವಾಗ್ತದೆ!"

ತಾಸೆ ನಿಂತಿತು. ಜನ ನಕ್ಕರು. ಅವಳು ಕೇರ್ ಮಾಡದೆ ಹೋಗಿ ಅಂಗಡಿಯ ಜಗಲಿಯಲ್ಲಿ ಕೂತಳು. ನೀನು ಅವಳ ಕಾಲನ್ನು ನಿನ್ನ ಮೊಣಕಾಲಿನ ಮೇಲೆ ಇಟ್ಟುಕೊಂಡು ಎಡಗೈಯಿಂದ ಒತ್ತಿ ನೋಡಿದೆ. ಉಳಿದ ಹತ್ತು ಹುಲಿಗಳು ಸುತ್ತ ನಿಂತು ಕಾದವು. ನಮ್ಮ ತಂಡದಲ್ಲಿ ಬಣ್ಣ ಬಳಿದ ಹುಲಿಯ ಮಾತನ್ನು ನಾನು ಜನ್ಮದಲ್ಲಿ ಮೊದಲ ಸಲ ಕೇಳಿದ್ದು. ಎಷ್ಟು ಎಳೆಯ ಸ್ವರ ಅದು! ಅದನ್ನು ಕೇಳಲು ನನಗೆ ನಿನ್ನ ಒಂದು ಕೈ ಬೇಕಾಯಿತಲ್ಲ.

ಕಾಂತಿಯೂ ಬಂದಿದ್ದಳು. ನಿನ್ನ ಹಿಂದೆ ನೀರಿನ ಬಾಟಲಿ ಹಿಡಿದು ನಿಂತಿದ್ದಳು. ನನ್ನನ್ನು ಕಂಡಳು. ಮುಖ ತಿರುಗಿಸಿದ್ದರೆ ಸಿಟ್ಟು ಎಂದುಕೊಳ್ಳುತ್ತಿದ್ದೆ. ತಿರುಗಿಸಲಿಲ್ಲ. ಅಂಚೆ ಕಚೇರಿಯ ಕಿಟಕಿಯಲ್ಲಿ ಗುರುತಿಲ್ಲದವರು ನೋಡುವ ಹಾಗೆ ಒಮ್ಮೆ ನೋಡಿ, ಬಾಟಲಿಯ ಮುಚ್ಚಳ ತೆಗೆದು ನಿನಗೆ ಕೊಟ್ಟಳು. ನನ್ನ ತಂಗಿ ನನ್ನನ್ನು ಹಾಗೆ ನೋಡುವುದುಂಟು ಎಂದು ನನಗೆ ಗೊತ್ತಿರಲಿಲ್ಲ. ನಾನು ಸೇತುವೆಯ ದಾರಿಯಲ್ಲಿ ಮನೆಗೆ ಬಂದೆ.

ತಂಡ ಇನ್ನು ನಿನ್ನದು. ಹುಲಿ ತಲೆಗಳು, ತಾಸೆ, ಚಾಪೆ ಎಲ್ಲ ಶುಕೂರಾಕನ ಶೆಡ್ಡಿನಲ್ಲೇ ಉಂಟು. ನಾನು ಬರುವುದಿಲ್ಲ.

ಒಂದು ಸಣ್ಣ ಉಪಕಾರ ಮಾಡು. ಕಾಂತಿಯ ಬಿ.ಪಿ. ಮಾತ್ರೆಯನ್ನು ಪ್ರತಿ ತಿಂಗಳು ಬಿ.ಸಿ. ರೋಡಿನಿಂದ ನಾನೇ ತೆಗೆದು ಉಜಿರೆಯ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕೊಡುತ್ತಿದ್ದೆ. ಕಳೆದ ತಿಂಗಳದ್ದು ಅವಳು ಅದೇ ಬಸ್ಸಿನಲ್ಲಿ ಹಿಂದೆ ಕಳಿಸಿದಳು. ಡಾಕ್ಟರ ಚೀಟಿಯನ್ನು ಈ ಲಕೋಟೆಯಲ್ಲಿ ಇಟ್ಟಿದ್ದೇನೆ. ಬೆಳ್ತಂಗಡಿಯ ಮೆಡಿಕಲ್‌ನಲ್ಲಿ ಸಿಗುತ್ತದೆ, ವಿಚಾರಿಸಿದ್ದೇನೆ. ಅದೇ ಹೆಸರಿನದ್ದೇ ಬೇಕು ಎನ್ನು. ಮನೆಯಲ್ಲಿ ಉಂಟು ಎಂದು ಅವಳು ಸುಳ್ಳು ಹೇಳುತ್ತಾಳೆ, ನಂಬಬೇಡ, ಡಬ್ಬಿ ತೆರೆದು ನೋಡು. ಬೆಳಿಗ್ಗೆ ತಿಂಡಿಯ ಮೇಲೆ ಒಂದು. ಚೀಟಿ ಯಾರು ಕೊಟ್ಟದ್ದೆಂದು ಹೇಳುವುದು ಬೇಡ.

ಇತಿ,
ನಿತ್ಯಾನಂದ